ಯಡ್ರಾವದ ಹಿತ್ತಲಲ್ಲಿ ನಾಲ್ಕು ದಿನ

ದೀಪಾವಳಿ ಸಮೀಪಿಸಿದರೆ ನಮ್ಮಂಥ ಅಂಗಡಿಯವರಿಗೆ ಊರು ಬಿಡುವುದು ಆಗದ ಮಾತು. ಗಿರಾಕಿಗಳ ಗದ್ದಲ, ಉದ್ರಿ ವಸೂಲಿ, ಅಂಗಡಿಗೆ ಸುಣ್ಣಬಣ್ಣ, ಕೊನೆಗೆ ವಹಿ ಪೂಜೆ. ಇಷ್ಟರಲ್ಲೇ ಹಬ್ಬ ಮುಗಿದುಹೋಗುತ್ತದೆ. ಆದರೆ ಈ ಸಲ ಹಬ್ಬಕ್ಕೆ ವಾರವಿರುವಾಗ ಯಡ್ರಾವದಿಂದ ನಮ್ಮ ಸೋದರತ್ತೆಯವರ ಫೋನು ಬಂದಿತು. "ಈ ವರ್ಷ ಹಿತ್ತಲಾ ತಗಿಯೂದಕ್ಕ ನೀವ ಬರಬೇಕ ನೋಡ್ರಿ. ಮುಂದಿನ ವರ್ಷದ ಮಾತ ಹೇಳಾಕ ಬರೂದಿಲ್ಲ" ಎಂದರು. ಎಪ್ಪತ್ತು ದಾಟಿದ ಹಿರಿಯರು ಹೀಗೆಂದಾಗ ಇಲ್ಲವೆನ್ನುವುದು ಹೇಗೆ? ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮಕ್ಕಳನ್ನು ಕರೆದುಕೊಂಡು ತ್ರಯೋದಶಿಯ ಬೆಳಿಗ್ಗೆ ಚಿಕ್ಕೋಡಿಯಿಂದ ಹೊರಟೆವು.

ಹಿತ್ತಲು ತೆಗೆಯುವುದೆಂದರೆ ಈ ಕಡೆ ಮಳೆಗಾಲದ ತರಕಾರಿ ಬೆಳೆಯನ್ನು ಮುಗಿಸುವ ಕೆಲಸ. ಮೃಗಶಿರಾ ಮಳೆಗೆ ಬಿತ್ತಿದ ಹೀರೆ, ಸೋರೆ, ಹಾಗಲ, ಸವತೆ, ಬೆಂಡೆ, ಚವಳಿ ಇವೆಲ್ಲ ಚಿತ್ತಿ ಮಳೆಯ ಹೊತ್ತಿಗೆ ದಣಿದಿರುತ್ತವೆ. ಬಳ್ಳಿಯ ಬುಡದ ಎಲೆ ಹಳದಿಯಾಗುತ್ತದೆ, ಹೂವು ಬಿಟ್ಟರೂ ಕಾಯಿ ನಿಲ್ಲುವುದಿಲ್ಲ. ಆಗ ಬೀಜ ಎತ್ತಿಟ್ಟು, ಹಂದರ ಇಳಿಸಿ, ಮಣ್ಣಿಗೆ ವಿಶ್ರಾಂತಿ ಕೊಟ್ಟು, ಚಳಿಗಾಲದ ಸೊಪ್ಪಿಗೆ ಮಡಿ ಮಾಡಬೇಕು. ಹೇಳುವುದಕ್ಕೆ ಎರಡು ಮಾತು. ಮಾಡುವುದಕ್ಕೆ ಅತ್ತೆಯವರ ಲೆಕ್ಕದಲ್ಲಿ ಪೂರಾ ನಾಲ್ಕು ದಿನ.

ದಾರಿಯಲ್ಲಿ ಮೊದಲು ಸಿಗುವುದು ಸದಲಗಾ. 1946ರಲ್ಲಿ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಜನಿಸಿದ ಊರು. ಅವರು 2024ರ ಫೆಬ್ರವರಿಯಲ್ಲಿ ಡೊಂಗರಗಢದಲ್ಲಿ ಸಮಾಧಿ ಹೊಂದಿದ ಮೇಲೆ, ಈ ದಾರಿಯಲ್ಲಿ ಹೋಗುವ ನಮ್ಮವರು ಊರು ಬಂದಾಗ ಒಂದು ಕ್ಷಣ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಅಲ್ಲಿಂದ ಬೋರಗಾಂವ. ಅದನ್ನು ದಾಟಿದರೆ ಮಹಾರಾಷ್ಟ್ರ. ಅಂಗಡಿಗಳ ಬೋರ್ಡು ಕನ್ನಡದಿಂದ ಮರಾಠಿಗೆ ತಿರುಗುತ್ತದೆ. ಹೊಲ ಮಾತ್ರ ತಿರುಗುವುದಿಲ್ಲ. ಈಚೆಗೂ ಅದೇ ಕರಿಮಣ್ಣು, ಆಚೆಗೂ ಅದೇ ಕಬ್ಬು. ಬೀಗರು ನೆಂಟರೂ ಎರಡೂ ಕಡೆ ಹಂಚಿಹೋಗಿದ್ದಾರೆ. ಪಂಚಗಂಗಾ ನದಿಯ ಸೇತುವೆ ದಾಟಿದೊಡನೆ ಇಚಲಕರಂಜಿಯ ಮಗ್ಗಗಳ ಸದ್ದು ಕಿವಿಗೆ ಬೀಳುತ್ತದೆ. 1904ರಲ್ಲಿ ವಿಠ್ಠಲರಾವ್ ದಾತಾರ ಎಂಬವರು ಮೊದಲ ಯಂತ್ರಮಗ್ಗ ಹಾಕಿದ ಊರು ಇದು. ಇಂದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದೇ ಹೆಸರಾಗಿದೆ.

ಇಚಲಕರಂಜಿಯನ್ನು ಹಾದು ಮುಂದೆ ಹೋದರೆ ಶಿರೋಳ ತಾಲೂಕಿನ ಯಡ್ರಾವ. ಒಂದು ಕಾಲಕ್ಕೆ ಕೇವಲ ಒಕ್ಕಲುತನದ ಹಳ್ಳಿ. ಇಚಲಕರಂಜಿಯ ಉದ್ಯೋಗ ಊರೊಳಗೆ ಹಿಡಿಸದೆ ಹೊರಗೆ ಹಬ್ಬಿದಾಗ ಯಡ್ರಾವವೂ ಬದಲಾಯಿತು. ಪಾರ್ವತಿ ಸಹಕಾರಿ ಔದ್ಯೋಗಿಕ ವಸಾಹತು ಇಲ್ಲಿಯೇ ಇದೆ. ಇಂಜಿನಿಯರಿಂಗ್ ಕಾಲೇಜಿದೆ. ಒಂದು ಓಣಿಯಲ್ಲಿ ಎಮ್ಮೆ ಕಟ್ಟಿದ್ದರೆ ಮುಂದಿನ ಓಣಿಯಲ್ಲಿ ಮಗ್ಗದ ಶೆಡ್ಡು. ಹಗಲಿರುಳೆನ್ನದೆ ಖಟಖಟ ಸದ್ದು. ಹೊಸಬರಿಗೆ ನಿದ್ರೆ ಬಾರದು. ಅತ್ತೆಯವರಿಗೆ ಮಾತ್ರ ಕರೆಂಟು ಹೋಗಿ ಮಗ್ಗ ನಿಂತರೇ ಎಚ್ಚರವಾಗುತ್ತದೆ.

ಅತ್ತೆಯವರು ಈ ಮನೆಗೆ ಸೊಸೆಯಾಗಿ ಬಂದದ್ದು 1974ರಲ್ಲಿ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವನ್ನು ದೇಶವೆಲ್ಲ ಆಚರಿಸಿದ ವರ್ಷ. ಆಗ ನೆಟ್ಟ ನಿಂಬೆಯ ಗಿಡ ಬಾವಿಯ ಪಕ್ಕದಲ್ಲಿ ಈಗಲೂ ಇದೆ. ಮನೆಯ ಹಿಂದೆ ನಾಲ್ಕು ಗುಂಟೆ ಹಿತ್ತಲು. ಅದರ ಆಚೆ ಭಾವನವರ ಮಗ್ಗದ ಶೆಡ್ಡು.

ಹೋದ ದಿನವೇ, ಚಹಾ ಕುಡಿಯುವಾಗ, ಫೋನಿನ ಒಳಗುಟ್ಟು ತಿಳಿಯಿತು. ಭಾವನವರು ಹೊಸ ಮಗ್ಗ ಕೊಳ್ಳುವವರಿದ್ದಾರೆ. ಯುಗಾದಿಯ ನಂತರ ಶೆಡ್ಡು ಹಿಂದಕ್ಕೆ ಬೆಳೆಯಬೇಕು. ಹಿತ್ತಲು ಹೋಗಬೇಕು. "ಜಾಗಾ ಎಲ್ಲಿಂದ ತರೂದ್ರಿ? ವಸಾಹತಿನ್ಯಾಗ ಪ್ಲಾಟಿನ ದರಾ ಕೇಳಿದ್ರ ಎದಿ ಒಡೀತೈತಿ" ಎಂದರು. ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಮೂರು ಮಕ್ಕಳ ವಿದ್ಯಾಭ್ಯಾಸ, ಬ್ಯಾಂಕಿನ ಕಂತು ಎಲ್ಲವೂ ಆ ಮಗ್ಗಗಳಿಂದಲೇ ನಡೆಯಬೇಕು. ಅತ್ತೆಯವರು ಏನೂ ಮಾತಾಡಲಿಲ್ಲ. ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದರು. ನಾವೂ ಸುಮ್ಮನಾದೆವು. ನಮಗೆ ಮಾತಾಡುವ ಬಾಯಿಯೂ ಇರಲಿಲ್ಲ. ಚಿಕ್ಕೋಡಿಯಲ್ಲಿ ನಮ್ಮ ತಾಯಿಯವರು ಮೂವತ್ತು ವರ್ಷ ನೋಡಿಕೊಂಡ ಹಿತ್ತಲನ್ನು ಅವರು ತೀರಿಕೊಂಡ ಮೂರನೆಯ ವರ್ಷಕ್ಕೆ ಗೋದಾಮು ಮಾಡಿದವರು ನಾವೇ.

ಮಧ್ಯಾಹ್ನ ಕೆಲಸ ಆರಂಭವಾಯಿತು. "ನಾಳಿಗೆ ಚತುರ್ದಶಿ, ಹಸಿರು ಮುಟ್ಟೂ ಹಂಗಿಲ್ಲ. ಹಸೀದೇನ ಐತಿ ಇವತ್ತೇ ಮುಗಿಸೂಣು" ಎಂದು ಅತ್ತೆಯವರು ಮೊರ, ಬುಟ್ಟಿ, ಕುಡಗೋಲು ಹಿಡಿದು ಬಂದರು.

ಮೊದಲನೆಯದು ಬೀಜದ ಕಾಯಿ. ಹಂದರದಲ್ಲಿ ಅಲ್ಲಲ್ಲಿ ಕಾಯಿಯ ತೊಟ್ಟಿಗೆ ಹಳೆಯ ಸೀರೆಯ ಚಿಂದಿ ಕಟ್ಟಿದ್ದರು. ಚಿಂದಿ ಕಟ್ಟಿದ ಕಾಯಿಯನ್ನು ಯಾರೂ ಅಡಿಗೆಗೆ ಕೊಯ್ಯುವಂತಿಲ್ಲ. ಭಾದ್ರಪದದಲ್ಲೇ ಈ ಆಯ್ಕೆ ಆಗಿರುತ್ತದೆ. ಚೆನ್ನಾಗಿ ಹಬ್ಬಿದ, ರೋಗವಿಲ್ಲದ ಬಳ್ಳಿಯನ್ನು ನೋಡಿ, ಅದರಲ್ಲಿ ಮೊದಮೊದಲು ಬಿಟ್ಟ ನೀಟಾದ ಕಾಯಿಯನ್ನು ಬೀಜಕ್ಕೆ ಬಿಡಬೇಕು. ನಾವಾದರೆ ಒಳ್ಳೆಯದನ್ನೆಲ್ಲ ತಿಂದು, ಕೊನೆಗೆ ಉಳಿದ ಡೊಂಕು ಕಾಯಿಯನ್ನು ಬೀಜಕ್ಕೆ ಬಿಡುತ್ತೇವೆ. "ಚಲೋ ಮಾಲ ಗಿರಾಕಿಗೆ ಕೊಡೂದು, ಹಾಳ ಮಾಲ ಅಂಗಡ್ಯಾಗ ಇಟಗೊಳ್ಳೂದು. ಹಂಗ ಮಾಡಿದ್ರ ಮುಂದಿನ ವರ್ಷ ಅಂಗಡ್ಯಾಗ ಏನ ಉಳೀತೈತಿ?" ಎಂದು ಅತ್ತೆಯವರು ನಮ್ಮ ಭಾಷೆಯಲ್ಲೇ ಹೇಳಿದರು.

ಒಂದೊಂದು ಕಾಯಿಗೂ ಒಂದೊಂದು ಪದ್ಧತಿ. ಹೀರೆಕಾಯಿ ಬಳ್ಳಿಯಲ್ಲೇ ಒಣಗಿ ಕಂದಾಗಿ, ಕೈಯಲ್ಲಿ ಹಿಡಿದರೆ ಹತ್ತಿಯ ಹಾಗೆ ಹಗುರಾಗಬೇಕು. ಕೆಳತುದಿಯ ಮುಚ್ಚಳದಂಥ ಭಾಗವನ್ನು ತೆಗೆದು ಅಲುಗಿಸಿದರೆ ಕರಿಯ ಬೀಜಗಳು ಉದುರುತ್ತವೆ. ಉಳಿದ ನಾರಿನ ಜಾಲಿಯಿಂದ ಮೈ ಉಜ್ಜಬಹುದು, ಪಾತ್ರೆ ತಿಕ್ಕಬಹುದು. ಮಕ್ಕಳಿಗೆ ಇದು ದೊಡ್ಡ ಆಟವಾಯಿತು. ಸೋರೆಕಾಯಿ ಒಣಗಿ ಒಳಗೆ ಬೀಜ ಗಡಗಡ ಎನ್ನಬೇಕು. ಸವತೆ ಹಳದಿಯಾಗಿ ಪೂರ್ಣ ಹಣ್ಣಾಗಬೇಕು. ಅದರ ಬೀಜವನ್ನು ಬೂದಿಯಲ್ಲಿ ತಿಕ್ಕಿ ಲೋಳೆ ಬಿಡಿಸಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬೆಂಡೆ ಗಿಡದಲ್ಲೇ ಬಲಿತು ಗೆರೆಗೆರೆಯಾಗಿ ಬಾಯಿಬಿಡುವ ಹೊತ್ತಿಗೆ ಕೊಯ್ಯಬೇಕು, ತಡವಾದರೆ ಬೀಜ ನೆಲಪಾಲು. ಮೆಣಸಿನಕಾಯಿಯನ್ನು ಎಲೆ ಮುದುಡಿದ ಗಿಡದಿಂದ ಎಂದೂ ಆರಿಸಬಾರದು.

ಇದೆಲ್ಲ ಜವಾರಿ ಬೀಜಕ್ಕೆ ಮಾತ್ರ ಸಲ್ಲುವ ಮಾತು. ಅಂಗಡಿಯ ಪೊಟ್ಟಣದ ಹೈಬ್ರಿಡ್ ಬೀಜ ಬಿತ್ತಿ, ಅದರ ಕಾಯಿಯಿಂದ ಬೀಜ ಹಿಡಿದರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಒಂದು ಗಿಡ ಹಾಗೆ, ಒಂದು ಗಿಡ ಹೀಗೆ. ಜವಾರಿಯಲ್ಲೂ ಎಚ್ಚರ ಬೇಕು. ಎರಡು ತರದ ಸೋರೆಯನ್ನು ಒಂದೇ ಹಿತ್ತಲಲ್ಲಿ ಹಬ್ಬಿಸಿದರೆ ಹೂವಿನಿಂದ ಹೂವಿಗೆ ಹಾರುವ ಹುಳುಗಳು ಎರಡನ್ನೂ ಬೆರಸಿಬಿಡುತ್ತವೆ. ಅದಕ್ಕೇ ಅತ್ತೆಯವರು ಐವತ್ತು ವರ್ಷದಿಂದ ಒಂದೇ ತರದ ಸೋರೆ ಹಾಕುತ್ತಾರೆ, ಉದ್ದನೆಯ ಕುತ್ತಿಗೆಯದು.

ನಾವು ಅತ್ತ ಚವಳಿಕಾಯಿಯ ಸಾಲಿಗೆ ಕೈಹಾಕಿ ಗಿಡಗಳನ್ನು ಬೇರುಸಹಿತ ಕೀಳತೊಡಗಿದೆವು. ಹತ್ತಿಪ್ಪತ್ತು ಗಿಡ ಕಿತ್ತಿದ್ದೆವೋ ಏನೋ, ಅತ್ತೆಯವರು ಓಡಿಬಂದರು. "ಕೀಳಬ್ಯಾಡ್ರಿ! ನೆಲದ ಮಟ್ಟಕ್ಕ ಕೊಯ್ರಿ. ಬೇರ ಅಲ್ಲೇ ಇರಲಿ." ಕಿತ್ತ ಒಂದು ಗಿಡದ ಬೇರನ್ನು ತೋರಿಸಿದರು. ಸಣ್ಣ ಸಣ್ಣ ಗಂಟುಗಳು. ಚವಳಿ, ಅಲಸಂದಿ, ಅವರೆ ಮೊದಲಾದ ದ್ವಿದಳ ಧಾನ್ಯದ ಗಿಡಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮ ಜೀವಿಗಳಿದ್ದು, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆಂದು ನಮ್ಮ ಮಗಳು ಶಾಲೆಯಲ್ಲಿ ಓದಿದ್ದಳು. ಬೇರು ಮಣ್ಣಿನಲ್ಲೇ ಕೊಳೆತರೆ ಆ ಸಾರ ಮುಂದಿನ ಬೆಳೆಗೆ. ಕಿತ್ತರೆ ಸಾರವೂ ಹೋಯಿತು, ಬೇರಿನ ಸುತ್ತಲಿನ ಎರೆಹುಳುವೂ ಹೋಯಿತು. ಅತ್ತೆಯವರು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಅವರು ಸಾರಜನಕದ ಮಾತಾಡಲಿಲ್ಲ. "ಅಗಿಯೂದ ಎಷ್ಟ ಕಡಿಮಿ ಅಷ್ಟ ಪಾಪ ಕಡಿಮಿ, ಪಲ್ಲೆ ಜಾಸ್ತಿ" ಎಂದರು. ಶಾಲೆಯ ಪಾಠ, ಅತ್ತೆಯ ಪಾಠ ಎರಡೂ ಒಂದೇ ಕಡೆಗೆ ಬಂದು ನಿಂತವು.

ಚತುರ್ದಶಿಯ ದಿನ ಅತ್ತೆಯವರದು ಏಕಾಶನ. ಮನೆಯಲ್ಲಿ ಬೇಳೆ ಕಾಳಿನ ಅಡಿಗೆ. ಹಸಿರು ಕೊಯ್ಯುವ ಕೆಲಸವಿಲ್ಲ. ಒಣಗಿದ ಬಳ್ಳಿ ಬಿಡಿಸಿ ಹಂದರ ಇಳಿಸುವುದು, ಒಣ ಎಲೆ ಗುಡಿಸುವುದು ನಮ್ಮ ಪಾಲಿಗೆ. ಹಂದರದ ಒಂದು ಮೂಲೆಯಲ್ಲಿ ಯಾವುದೋ ಸಣ್ಣ ಹಕ್ಕಿಯ ಗೂಡು, ಒಳಗೆ ಚಿಂವ್ ಚಿಂವ್ ಸದ್ದು. ಆ ಮೂಲೆಯ ನಾಲ್ಕು ಗಳಗಳನ್ನು ಮುಟ್ಟಬಾರದೆಂದು ಅಪ್ಪಣೆಯಾಯಿತು. ಮಿಕ್ಕ ಗಳಗಳನ್ನು ಒರೆಸಿ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಿದೆವು. ಒಣ ಎಲೆ, ಬಳ್ಳಿ, ಕಸ ಗುಡಿಸಿದಾಗ ಗೋಡೆಯ ಬದಿಗೆ ಎದೆಯೆತ್ತರದ ರಾಶಿಯಾಯಿತು. ಮೂರು ದಿನದ ಹಿಂದಿನ ಕಸವೂ ಅದರ ಬುಡದಲ್ಲಿತ್ತು. ನಾವು ಬೆವರು ಒರೆಸಿಕೊಂಡು ಕಡ್ಡಿಪೆಟ್ಟಿಗೆ ತರಲು ಮಗನನ್ನು ಒಳಗೆ ಕಳಿಸಿದೆವು. ಈ ಸೀಮೆಯಲ್ಲಿ ಅದು ವಿಶೇಷವೇನಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ.

ಮಗನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಅತ್ತೆಯವರೇ ಬಂದರು. ಸಿಟ್ಟು ಮಾಡಲಿಲ್ಲ. "ಹಚ್ಚೂದರ ಮೊದಲ ಒಮ್ಮೆ ಬಿಚ್ಚಿ ನೋಡ್ರಿ" ಎಂದರು ಅಷ್ಟೆ.

ಕೋಲಿನಿಂದ ರಾಶಿಯ ಬುಡ ಸರಿಸಿದೆವು. ತೇವವಾದ ಎಲೆಗಳ ನಡುವೆ ಅಂಗೈಯಷ್ಟು ದೊಡ್ಡ ಕಪ್ಪೆಯೊಂದು ಕುಳಿತಿತ್ತು. ಬೆಳಕು ಬಿದ್ದೊಡನೆ ಕಣ್ಣು ಮಿಟುಕಿಸಿತು, ಓಡಲಿಲ್ಲ. ಅದರ ಸುತ್ತ ಎರೆಹುಳು, ಬಸವನಹುಳು, ಬಿಳಿಯ ಮೊಟ್ಟೆಗಳ ಗೊಂಚಲು, ಹೆಸರು ತಿಳಿಯದ ಎಷ್ಟೋ ಜೀವ. ಎರಡು ನಿಮಿಷ ತಡವಾಗಿದ್ದರೆ! ನಮ್ಮ ಮಗ ಕಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕೂತವನು ಬಹಳ ಹೊತ್ತು ಏಳಲಿಲ್ಲ.

ಆ ಸಂಜೆ ಬೀಜ ಹಸನು ಮಾಡುತ್ತ ಇದೇ ಮಾತು ನಡೆಯಿತು. ಒಕ್ಕಲುತನ, ವ್ಯಾಪಾರ ಮಾಡುವ ಗೃಹಸ್ಥನಿಗೆ ಹಿಂಸೆ ಪೂರ್ತಿ ತಪ್ಪದು. ಅದಕ್ಕೇ ನಮ್ಮ ಶಾಸ್ತ್ರದಲ್ಲಿ ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ಹಿಂಸೆಯನ್ನು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕೆಂದು ಹೇಳಿದ್ದಾರೆ. ಬಿತ್ತುವುದು, ಕೊಯ್ಯುವುದು ಹೊಟ್ಟೆಪಾಡಿನ ಕೆಲಸ. ಆದರೆ ಸುಡುವುದು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ವಿಚಾರ ಬರುತ್ತದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇವನ್ನು ಪ್ರಮಾದಚರ್ಯೆ ಎಂದು ಅಲ್ಲಿ ಎಣಿಸಿದ್ದಾರೆ. ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಕೇಳಿದ ಮಾತು. ಅದು ನಮ್ಮ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯ ಮಾತೆಂದು ಅಂದಿನವರೆಗೆ ಹೊಳೆದಿರಲಿಲ್ಲ.

ಹಾಗಾದರೆ ಕಸವನ್ನು ಏನು ಮಾಡುವುದು? ಬೂದಿ ರೋಗ ತಗಲಿದ ಎಲೆಗಳನ್ನು ಬೇರೆ ಮಾಡಿ ಹಿತ್ತಲಿನಿಂದ ದೂರ ಹಾಕಿದೆವು. ಗಟ್ಟಿ ಕಾಂಡಗಳು ತಿಪ್ಪೆಯ ಗುಂಡಿಗೆ, ಒಂದು ಪದರ ಕಸ, ಒಂದು ಪದರ ಸೆಗಣಿ ರಾಡಿ. ಉಳಿದ ಒಣ ಎಲೆ ಮಡಿಗಳ ಮೇಲೆ ಹೊದಿಕೆ. ಪಕ್ಕದ ಹೊಲದಿಂದ ಒಂದು ಹೊರೆ ಕಬ್ಬಿನ ರವದಿ ತಂದು ಅದರ ಮೇಲೆ ಹಾಸಿದೆವು. ಒಂದು ಎಕರೆ ಕಬ್ಬು ಕಡಿದರೆ ಮೂರು ನಾಲ್ಕು ಟನ್ ರವದಿ ಸಿಗುತ್ತದೆ, ಸುಟ್ಟರೆ ಒಂದು ತಾಸಿನ ಹೊಗೆ. ಹೊದಿಕೆಯ ಕೆಳಗೆ ಮಣ್ಣು ಬೇಗ ಆರುವುದಿಲ್ಲ, ನೀರು ಅರ್ಧ ಸಾಕು. ಶಿರೋಳ ತಾಲೂಕಿನಲ್ಲಿ ಇದು ಸಣ್ಣ ಲಾಭವಲ್ಲ. ಅತಿ ನೀರು ಹಾಯಿಸಿಯೇ ಇಲ್ಲಿ ಎಷ್ಟೋ ಒಳ್ಳೆಯ ಕರಿಮಣ್ಣಿನ ಹೊಲಗಳು ಸವಳಾಗಿವೆ. ಹೊದಿಸುವಾಗ ಒಂದು ಮಾತು ನೆನಪಿಡಬೇಕು. ನಿಂಬೆ, ಕರಿಬೇವು ಮೊದಲಾದ ಗಿಡಗಳ ಕಾಂಡಕ್ಕೆ ಹೊದಿಕೆ ತಾಗಬಾರದು, ಒಂದು ಗೇಣು ಬಿಟ್ಟಿರಬೇಕು. ಇಲ್ಲವಾದರೆ ತೇವ ಕೂತು ಬುಡ ಕೊಳೆಯುತ್ತದೆ.

ಬೀಜದ ರಕ್ಷಣೆಯಲ್ಲಿಯೂ ಅದೇ ವಿಚಾರ. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೆಳಗಿನ ಎಳೆಬಿಸಿಲು ತೋರಿಸಿ, ಆರಿದ ಮೇಲೆ ಜರಡಿ ಹಿಡಿದ ಕಟ್ಟಿಗೆಯ ಬೂದಿ ಬೆರಸಿ, ಒಣಗಿದ ಬೇವಿನೆಲೆ ಹಾಕಿ ಬಾಯಿ ಬಿಗಿಯಬೇಕು. ಸೋರೆಯ ಬೀಜ ಬಾಗಿಸಿದರೆ ಟಪ್ಪನೆ ಮುರಿಯಬೇಕು, ಚವಳಿಯ ಬೀಜಕ್ಕೆ ಉಗುರು ಊರಬಾರದು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಹುಳು ಬಿದ್ದ ಮೇಲೆ ಮಾಡುವುದೇನು? ಬಿಸಿಲಿಗೆ ಹಾಕಿದರೆ ಹುಳು ಸಾಯುತ್ತದೆ, ಹಾಕದಿದ್ದರೆ ಬೀಜ ಹೋಗುತ್ತದೆ. "ಹುಳಾ ಹುಟ್ಟದ ಹಂಗ ನೋಡಕೊಳ್ಳೂದ ನಮ್ಮ ಕೈಯಾಗ ಐತಿ. ಹುಟ್ಟಿದ ಮ್ಯಾಲ ಎರಡೂ ಕಡೆ ತಪ್ಪ" ಎಂದರು ಅತ್ತೆಯವರು.

ಅಮಾವಾಸ್ಯೆಯ ನಸುಕಿನಲ್ಲಿ ಎಲ್ಲರೂ ಬಸದಿಗೆ ಹೋಗಿ ನಿರ್ವಾಣ ಲಾಡು ಅರ್ಪಿಸಿ ಬಂದೆವು. ಸಂಜೆ ವಹಿ ಪೂಜೆ. ಲೆಕ್ಕದ ವರ್ಷ ಈಗ ಮಾರ್ಚ್ 31ಕ್ಕೆ ಮುಗಿಯುತ್ತದೆ, ಜಮಾಖರ್ಚೆಲ್ಲ ಕಂಪ್ಯೂಟರಿನಲ್ಲಿದೆ. ಆದರೂ ದೀಪಾವಳಿಗೆ ಹಳೆಯ ವಹಿ ಮುಚ್ಚಿ ಹೊಸ ವಹಿಗೆ ಸ್ವಸ್ತಿಕ ಬರೆಯುವ ಪದ್ಧತಿಯನ್ನು ನಮ್ಮ ಮನೆತನಗಳು ಬಿಟ್ಟಿಲ್ಲ. ಭಾವನವರು ಮಣೆಯ ಮೇಲೆ ಕೀರ್ದಿ, ಖಾತೆಗಳನ್ನು ಜೋಡಿಸಿದರು. ಎಲ್ಲವೂ ಮರಾಠಿಯಲ್ಲಿ. ಕೊನೆಗೆ ಅತ್ತೆಯವರು ಒಳಗಿನಿಂದ ಒಂದು ಸಣ್ಣ ನೋಟಬುಕ್ಕು ತಂದು ಆ ಸಾಲಿನ ತುದಿಗೆ ಇಟ್ಟರು. ಪ್ರತಿ ವರ್ಷ ಇಡುತ್ತಾರಂತೆ. ಅಡಿಗೆಯ ಖರ್ಚಿನ ಪುಸ್ತಕವಿರಬೇಕೆಂದು ಮನೆಯವರು ಯಾರೂ ತೆರೆದು ನೋಡಿರಲಿಲ್ಲ. ತೆರೆದರೂ ಓದುವುದು ಕಷ್ಟ. ಆ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಬರೆಯುವುದು ಮರಾಠಿ.

ಪೂಜೆ ಮುಗಿದ ಮೇಲೆ ನಮ್ಮ ಮಗಳು ಅದನ್ನು ತೆಗೆದು, "ಆಯಿ, ಇದು ಕನ್ನಡ!" ಎಂದು ಗಟ್ಟಿಯಾಗಿ ಓದತೊಡಗಿದಳು. ಅದು ಬೀಜದ ವಹಿ. ಒಂದು ಬದಿ ಕೊಟ್ಟದ್ದು, ಒಂದು ಬದಿ ಬಂದದ್ದು. ನಾಂದಣಿ, ಸದಲಗಾ, ನಿಪ್ಪಾಣಿ, ಸಾಂಗಲಿ, ಕುರುಂದವಾಡ ಹೀಗೆ ಒಂದೊಂದು ಊರಿನ ಮನೆ. ಹೀರೆ ಒಂದು ಮುಷ್ಟಿ, ಸೋರೆ ಹತ್ತು ಬೀಜ, ಚವಳಿ ಅರ್ಧ ಪಾವು. ಬಡ್ಡಿಯ ಕಲಮು ಎಲ್ಲಿಯೂ ಇಲ್ಲ.

2019ರ ಪುಟ ಬಂತು. ಆ ವರ್ಷ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಪಂಚಗಂಗಾ ನದಿಗಳ ಮಹಾಪೂರ ಈ ತಾಲೂಕಿನವರು ಯಾರೂ ಮರೆಯುವಂಥದ್ದಲ್ಲ. ಎರಡು ನದಿಗಳು ಕೂಡುವ ನರಸೋಬವಾಡಿ, ಅದರ ಪಕ್ಕದ ಕುರುಂದವಾಡ ನೀರಿನಲ್ಲಿ ನಿಂತಿದ್ದವು. ಕುರುಂದವಾಡದಲ್ಲಿರುವ ಅತ್ತೆಯವರ ಮಗಳ ಮನೆಯೊಳಗೆ ನೀರು ಹೊಕ್ಕು, ಸಾಮಾನು, ಧಾನ್ಯ, ಅಡಿಗೆಮನೆಯ ನಾಗಂದಿಗೆಯ ಮೇಲಿದ್ದ ಬೀಜದ ಬುರುಡೆ ಎಲ್ಲ ಹೋದವು. ಸಾಮಾನು ಮತ್ತೆ ಕೊಂಡರು. ಬೀಜ ಕೊಳ್ಳಬೇಕಾಗಲಿಲ್ಲ. ಆ ದೀಪಾವಳಿಗೆ ಯಡ್ರಾವದಿಂದ ಏಳು ತರದ ಬೀಜ ಹೋದವೆಂದು ವಹಿಯಲ್ಲಿದೆ. 2021ರ ಪೂರದ ಮುಂದೆಯೂ ಅಂಥದ್ದೇ ಒಂದು ಕಲಮು.

ಇನ್ನೂ ಹಿಂದೆ ಹೋದಾಗ ಮಗಳು ನಿಂತಳು. "ಅಪ್ಪಾ, ಇಲ್ಲಿ ನಮ್ಮೂರ ಹೆಸರೈತಿ." 2005. ಆ ವರ್ಷವೂ ಇಲ್ಲಿ ದೊಡ್ಡ ಮಳೆ, ದೊಡ್ಡ ಪೂರ. ಮನೆಯ ಮಾಡು ಸೋರಿ ಅತ್ತೆಯವರ ಬೀಜವೆಲ್ಲ ಬೂಷ್ಟು ಹಿಡಿದು ಹಾಳಾಗಿತ್ತು. ಬಂದದ್ದರ ಬದಿಯಲ್ಲಿ ಬರೆದಿತ್ತು: ಚಿಕ್ಕೋಡಿ, ವೈನಿ, ಸೋರೆ, ಹೀರೆ, ಚವಳಿ. ವೈನಿ ಎಂದರೆ ನಮ್ಮ ತಾಯಿಯವರು. ನಾವು ಗೋದಾಮು ಕಟ್ಟಿದ ಹಿತ್ತಲಿನ ಬೀಜ. ಹಿಂದಿನ ದಿನ ನಾವು ಹಸನು ಮಾಡಿದ ಉದ್ದ ಕುತ್ತಿಗೆಯ ಸೋರೆ ಆ ಬೀಜದ ವಂಶವೇ. ನಮ್ಮ ಮನೆಯಲ್ಲಿ ಅದು ಮುಗಿದುಹೋಗಿ ಎಷ್ಟೋ ವರ್ಷವಾಗಿತ್ತು. ಇಲ್ಲಿ ಉಳಿದಿತ್ತು. ನಮ್ಮ ತಾಯಿಯವರು ಕೊಟ್ಟಿದ್ದರು, ಅದಕ್ಕೇ ಉಳಿದಿತ್ತು.

ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟದ್ದು ಉಳಿಯುತ್ತದೆಂಬುದು ನಮ್ಮ ವ್ಯಾಪಾರಿ ಬುದ್ಧಿ. ಬೀಜದ ಲೆಕ್ಕವೇ ಬೇರೆ. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳೂ ಇದನ್ನೇ ಒಪ್ಪಿಕೊಂಡಿವೆ. ನಾರ್ವೆ ದೇಶದ ಸ್ವಾಲ್ಬಾರ್ಡ್ ಎಂಬ ಹಿಮದ ದ್ವೀಪಸಮೂಹದಲ್ಲಿ 2008ರಲ್ಲಿ ಒಂದು ಬೀಜ ಭಂಡಾರ ಆರಂಭವಾಯಿತು. ನಾನಾ ದೇಶದವರು ತಮ್ಮ ಬೀಜದ ಒಂದು ಪಾಲನ್ನು ಅಲ್ಲಿ ಇಡುತ್ತಾರೆ. ಸಿರಿಯಾ ದೇಶದ ಅಲೆಪ್ಪೊ ನಗರದ ಹತ್ತಿರವಿದ್ದ ಅಂತರರಾಷ್ಟ್ರೀಯ ಬೀಜ ಸಂಗ್ರಹವನ್ನು ಯುದ್ಧದಿಂದಾಗಿ ನಡೆಸಲಾಗದೆ ಹೋದಾಗ, ಆ ಸಂಸ್ಥೆಯವರು 2015ರಲ್ಲಿ ತಾವಿಟ್ಟ ಬೀಜವನ್ನು ಮರಳಿ ಪಡೆದರು. ಬೇರೆ ದೇಶಗಳಲ್ಲಿ ಬಿತ್ತಿ ಬೆಳೆದು, 2017ರಲ್ಲಿ ಹೊಸ ಬೀಜವನ್ನು ಮತ್ತೆ ತಂದು ಇಟ್ಟರು. ಇದೇ ಮಹಾರಾಷ್ಟ್ರದ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆ. ಜವಾರಿ ಬೀಜ ಉಳಿಸಿ ಊರೂರಿಗೆ ಹಂಚಿದ್ದಕ್ಕೆ ಅವರಿಗೆ 2020ರ ಪದ್ಮಶ್ರೀ ಘೋಷಣೆಯಾಯಿತು. ಯಡ್ರಾವದ ನೋಟಬುಕ್ಕಿಗೆ ಯಾರ ಪ್ರಶಸ್ತಿಯೂ ಬೇಕಿಲ್ಲ. ಆದರೆ ಮೂರೂ ಕಡೆ ನಡೆದ ವ್ಯವಹಾರ ಒಂದೇ.

ಮಗಳು ಓದುತ್ತಿರುವಾಗ ಭಾವನವರು ಕಂಬಕ್ಕೆ ಒರಗಿ ಕೇಳುತ್ತಿದ್ದರು. ಏನೂ ಅನ್ನಲಿಲ್ಲ. ಊಟ ಮಾಡಿ ಮಲಗಿದರು.

ಪಾಡ್ಯದ ಬೆಳಿಗ್ಗೆ, ಹೊಸ ವೀರ ನಿರ್ವಾಣ ಸಂವತ್ಸರದ ಮೊದಲ ದಿನ, ನಾವು ಹಿತ್ತಲಿಗೆ ಹೋದಾಗ ಭಾವನವರು ಅಳತೆಯ ಟೇಪು ಹಿಡಿದು ನಿಂತಿದ್ದರು. "ಶೆಡ್ಡಿಗೆ ಮೂರ ಗುಂಟೆ ಬೇಕೇ ಬೇಕು, ಅದರಾಗ ಕಡಿಮಿ ಆಗೂದಿಲ್ಲ" ಎಂದರು. ಆಮೇಲೆ ತಾಯಿಯ ಮುಖ ನೋಡದೆ, "ಬಾವಿ ಕಡೆ ಒಂದ ಗುಂಟೆ ಬಿಡಬಹುದು. ನಿಂಬಿ ಗಿಡಾ ಅದರಾಗ ಬರತೈತಿ" ಎಂದರು.

ಅತ್ತೆಯವರು ಸ್ವಲ್ಪ ಹೊತ್ತು ಹಿತ್ತಲನ್ನೆಲ್ಲ ನೋಡಿದರು. ಐವತ್ತು ವರ್ಷ ಕೈಯಾಡಿಸಿದ ನೆಲ. ಕಣ್ಣು ಒದ್ದೆಯಾಗಿರಲಿಲ್ಲವೆಂದು ಬರೆದರೆ ಸುಳ್ಳಾದೀತು. ಆದರೆ ದನಿ ಗಟ್ಟಿಯಾಗಿಯೇ ಇತ್ತು. "ಒಂದ ಗುಂಟೆ ಸಾಕು. ಪಲ್ಲೆ ಪ್ಯಾಟ್ಯಾಗ ಸಿಗತೈತಿ. ಬೀಜಕ್ಕ ಎಷ್ಟ ಜಾಗಾ ಬೇಕು?"

ಆ ದಿನದ ಕೆಲಸ ಆ ಒಂದು ಗುಂಟೆಯಲ್ಲಿ. ರವದಿ ಸರಿಸಿ ಎರಡು ಮಡಿ ಮಾಡಿ, ಮೆಂತ್ಯೆ, ಪಾಲಕ, ಕೊತ್ತಂಬರಿ ಬಿತ್ತಿದೆವು. ಮಳೆಗಾಲದಲ್ಲಿ ಹುಳುಹುಪ್ಪಡಿಯ ಭಯದಿಂದ ಸೊಪ್ಪು ಬಿಟ್ಟ ಮನೆಗಳಲ್ಲಿ ಚಾತುರ್ಮಾಸ ಮುಗಿದ ಮೇಲೆ ಮೊದಲು ಬೇಕಾಗುವುದೇ ಇವು. ಒಂದು ಮಡಿಯನ್ನು ಏನೂ ಬಿತ್ತದೆ ಹೊದಿಸಿಟ್ಟೆವು. ಅದು ಮೃಗಶಿರಾ ಮಳೆಯವರೆಗೆ ಮಣ್ಣಿನ ವಿಶ್ರಾಂತಿಗೆ. ಕಪ್ಪೆಯಿದ್ದ ಎಲೆಯ ರಾಶಿಯನ್ನು ಮಗ ತಾನೇ ಹೊತ್ತು ನಿಂಬೆಯ ನೆರಳಿಗೆ ಸಾಗಿಸಿದ. ಕಪ್ಪೆ ಹಿಂದೆ ಬಂತೋ ಇಲ್ಲವೋ ತಿಳಿಯದು.

ಹೊರಡುವಾಗ ಅತ್ತೆಯವರು ಮೂರು ಪೊಟ್ಟಣ ಕೊಟ್ಟರು. ಸೋರೆ, ಹೀರೆ, ಚವಳಿ. 2005ರಲ್ಲಿ ನಮ್ಮ ಮನೆಯಿಂದ ಬಂದವು ಅವೇ ಮೂರು. ಹಾಗಿದ್ದರೆ ಲೆಕ್ಕ ಚುಕ್ತಾ ಆಯಿತಲ್ಲ ಎಂದೆವು. "ಹಳೇದ ಚುಕ್ತಾ. ಇದ ಹೊಸಾ ವಹಿ" ಎಂದು ನೋಟಬುಕ್ಕಿನಲ್ಲಿ ಕೊಟ್ಟದ್ದರ ಬದಿಗೆ ಚಿಕ್ಕೋಡಿ ಎಂದು ಬರೆದುಕೊಂಡರು. "ಬಡ್ಡಿ ಬ್ಯಾಡ, ಮುದ್ದಲಾ ಬಂದ್ರ ಸಾಕು. ನನಗಲ್ಲ, ಯಾರ ಕೇಳತಾರ ಅವರಿಗೆ ಕೊಡ್ರಿ."

ಈಗ ಆ ಪೊಟ್ಟಣಗಳು ನಮ್ಮ ಅಂಗಡಿಯ ಹೊಸ ವಹಿಗಳ ಜೊತೆ ಒಂದೇ ಕಪಾಟಿನಲ್ಲಿವೆ. ನಮಗೆ ಹಿತ್ತಲಿಲ್ಲ. ಮಾಳಿಗೆಯ ಮೇಲೆ ನಾಲ್ಕು ದೊಡ್ಡ ಕುಂಡ ಇಡುವಷ್ಟು ಜಾಗವಿದೆ, ಗೋದಾಮಿನ ತಗಡಿನ ಮೇಲೆ ಬಳ್ಳಿ ಹಬ್ಬಿಸಬಹುದು. ಮಕ್ಕಳು ಈಗಲೇ ಕುಂಡಗಳಿಗೆ ಒಣ ಎಲೆ ತುಂಬುತ್ತಿದ್ದಾರೆ. ಮೃಗಶಿರಾ ಮಳೆಗೆ ಬಿತ್ತಬೇಕು. ಭಾದ್ರಪದದಲ್ಲಿ ಒಳ್ಳೆಯ ಕಾಯಿಗೆ ಚಿಂದಿ ಕಟ್ಟಬೇಕು.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹಬ್ಬದ ಮುಂದೆ ಹಿತ್ತಲು ಸ್ವಚ್ಛ ಮಾಡಿಸುವಾಗ ಕೆಲಸದವರಿಗೆ ಒಪ್ಪಿಸಿ ಅಂಗಡಿಗೆ ಹೋಗಬೇಡಿರಿ. ರಾಶಿಗೆ ಬೆಂಕಿ ಹಚ್ಚುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಮನೆಯ ಹಿರಿಯರನ್ನು ಕೇಳಿರಿ, ಬೀಜ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂದು. ಯಾವುದೋ ಊರಿನ ನೋಟಬುಕ್ಕಿನಲ್ಲಿ ನಿಮ್ಮ ಮನೆಯ ಹೆಸರೂ ಇದ್ದೀತು.